ಐರ್ಲೆಂಡಿಗೆ ಹೋಗಿ ಬಂದ ಎಮ್ಮಿ

ನಾನು ಎಮ್ಮಿಯನ್ನು ಒಳಗೇ ಕಟ್ಟುತ್ತಿದ್ದ ಮನೆಯಲ್ಲಿ ಮಲಗಿ ಬೆಳೆದವಳು. ಇದನ್ನು ಬಂದವರ ಮುಂದೆ ಹೇಳಬಾರದೆಂದು ಸೊಸೆಯ ಅಪ್ಪಣೆ. ಸೊಸೆ ರೇಖಾ ಮೈಸೂರಿನವಳು, ಒಳ್ಳೆಯವಳು. ಆದರೆ ಕಡಲಾಚೆಯ ಸ್ಯಾಂಡ್ರಿಂಗಮ್ಮಿನ ಈ ಮನೆಗೆ ಚಹಾಕ್ಕೆ ಬಂದವರು ಮೂಗು ಮುಚ್ಚಿಕೊಂಡಾರು ಎಂದು ಅವಳಿಗೆ ಹೆದರಿಕೆ. ನಾನಾದರೂ ಬೇರೆ ಏನು ಹೇಳಲಿ? ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಎಮ್ಮಿಯನ್ನು ತೆಗೆದರೆ ನನ್ನ ಬಾಲ್ಯದಲ್ಲಿ ಉಳಿಯುವುದು ಬರೀ ಗೋಡೆ.

ಧಾರವಾಡದ ಕಡೆ ಹಳ್ಳಿಮನೆಗಳು ಹಾಗೇ. ಬಾಗಿಲು ಒಂದೇ, ಎಮ್ಮಿಯೂ ಅದರಲ್ಲೇ ಬರಬೇಕು, ಬೀಗರೂ ಅದರಲ್ಲೇ. ಒಳಗೆ ತಗ್ಗಿನಲ್ಲಿ ದನ, ಮೊಳದೆತ್ತರದ ಕಟ್ಟೆಯ ಮೇಲೆ ಮಂದಿ. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ, ಒಂದು ಮೊಳ. ನಾರುತ್ತಿತ್ತೇ? ನಾರುತ್ತಿತ್ತು. ಚಳಿಗಾಲಕ್ಕೆ ಬೆಚ್ಚಗೂ ಇರುತ್ತಿತ್ತು. ಇಲ್ಲಿ ಗೋಡೆಗೆ ಹೀಟ್ ಪಂಪ್ ಬಡಿದಿದ್ದಾರೆ. ದಿನವಿಡೀ ಬಿಸಿ ಉಸಿರು ಬಿಡುತ್ತದೆ, ಇವತ್ತಿನವರೆಗೆ ಒಂದು ಗುಟುಕು ಹಾಲು ಕೊಟ್ಟಿಲ್ಲ.

ಮೊನ್ನೆ ಪಕ್ಕದ ಮನೆಯ ನೋರಾ ಬಂದಿದ್ದಳು. ಐರ್ಲೆಂಡಿನ ಹಳ್ಳಿಯವಳು, ನನ್ನದೇ ವಯಸ್ಸು. ನಿಮ್ಮ ಊರ ಮನೆ ಹೇಗಿತ್ತು ಎಂದು ಕೇಳಿದಳಂತೆ. ನಾನು ಚಹಾ ಆರುವಷ್ಟು ಹೊತ್ತು ಹೇಳಿದೆ. ರೇಖಾ ಅದನ್ನು ಇಂಗ್ಲಿಷಿನಲ್ಲಿ ಎರಡು ಮಾತಿಗೆ ಮುಗಿಸಿದಳು. ನನಗೆ ಇಂಗ್ಲಿಷ್ ಬಾರದು, ಆದರೆ ಬಫೆಲೊ ಗೊತ್ತು. ಅದು ಬರಲೇ ಇಲ್ಲ.

“ಎಮ್ಮಿ ಎಲ್ಲಿ ಹೋತವ್ವಾ?”

“ಅತ್ತೆ, ಪ್ಲೀಸ್, ಅದೊಂದು ಬೇಡ.”

ನಾನೇ ನೋರಾಳ ಕಡೆ ತಿರುಗಿದೆ. “ಬಫೆಲೊ. ಇನ್‌ಸೈಡ್.”

ರೇಖಾ ಕಣ್ಣು ಮುಚ್ಚಿದಳು. ನೋರಾ ಕಪ್ಪು ಕೆಳಗಿಟ್ಟು, ಮೇಜು ಬಡಿದು ನಕ್ಕಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ, ರೇಖಾಳಿಗೆ ಅದನ್ನು ಕನ್ನಡಕ್ಕೆ ತರುವುದು ತಪ್ಪಲಿಲ್ಲ. ನೋರಾಳ ಅಜ್ಜಿಯದು ಹುಲ್ಲು ಹೊದಿಸಿದ ಉದ್ದನೆಯ ಕಲ್ಲುಮನೆ. ಬಾಗಿಲಿನ ಕೆಳಗಿನ ಅರ್ಧ ಕೋಳಿ ನುಗ್ಗದಂತೆ ಮುಚ್ಚಿ, ಮೇಲಿನರ್ಧ ಬೆಳಕಿಗೂ ಹರಟೆಗೂ ತೆರೆದಿಡುತ್ತಿದ್ದರಂತೆ. ನಾವು ಸಗಣಿಯ ಕುಳ್ಳು ಸುಟ್ಟ ಹಾಗೆ ಅವರು ಜೌಗುನೆಲದ ಮಣ್ಣನ್ನೇ ಹೆಂಟೆ ಕಡಿದು, ಒಣಗಿಸಿ ಸುಡುತ್ತಿದ್ದರು. ಈ ತುದಿಗೆ ಒಲೆ, ಆ ತುದಿಗೆ ಆಕಳು, ನಡುವೆ ಗಂಜಲ ಹರಿಯಲು ಒಂದು ಕಾಲುವೆ. ಆಕಳ ಮುಖ ಮಾತ್ರ ಒಲೆಯ ಕಡೆಗೇ.

“ಬೆಂಕಿ ಕಂಡ್ರೇನೇ ಹಸು ಹಾಲು ಜಾಸ್ತಿ ಕೊಡೋದಂತೆ, ಅತ್ತೆ!” ರೇಖಾ ಈಗ ಕಣ್ಣು ಬಿಟ್ಟಿದ್ದಳು.

“ನಮ್ಮೆಮ್ಮಿ ಹಿಂಡಿ ಕಂಡ್ರ ಕೊಡತಿತ್ತು. ಅದನೂ ಹೇಳ ಆಕಿಗೆ.”

ಹೇಳಿದಳು. ಈ ಸಲ ಬಫೆಲೊ ಬಂತು.

ಭಾನುವಾರ ರೇಖಾಳ ಆಫೀಸಿನ ಕನ್ನಡದವರು ಊಟಕ್ಕೆ ಬಂದಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳೇ ಶುರು ಮಾಡಿದಳು: “ನಮ್ಮತ್ತೆ ಮನೇಲಿ ಎಮ್ಮೆ ಒಳಗೇ ಕಟ್ತಿದ್ರು, ಗೊತ್ತಾ? ಐರ್ಲೆಂಡ್‌ನಲ್ಲಿ ಇತ್ತಲ್ಲ, ಹಾಗೇ!” ಬಂದವರು ಆಹಾ ಎಂದರು. ಯಾರ ಮೂಗೂ ಅಲುಗಲಿಲ್ಲ.

ಧಾರವಾಡದ ಎಮ್ಮಿಗೆ ಮರ್ಯಾದೆ ಬರಲು ಅದು ಐರ್ಲೆಂಡಿಗೆ ಹೋಗಿ ಬರಬೇಕಾಯಿತು. ಹೋಗಲಿ ಬಿಡಿ. ಯಾವ ದಾರಿ ಸುತ್ತಿ ಬಂದರೇನು, ಎಮ್ಮಿ ಸಂಜೆಗೆ ಮನೆ ಸೇರಿತಲ್ಲ.