ಹಸೆಗೋಡೆಗೆ ಬೇಡವಾದ ಕೈ

ಮೂವತ್ತು ವರ್ಷದಿಂದ ನಮ್ಮ ಕಡೆಯ ಮದುವೆಮನೆಗಳಲ್ಲಿ ಹಸೆ ಚಿತ್ತಾರ ಬರೆದ ಕೈ ನನ್ನದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಗೆರೆ ಎಳೆದ ಮೇಲೇ ಅದರ ಮುಂದೆ ಮದುಮಕ್ಕಳು ಕೂರುವುದು. ಆ ಕೈಗೆ ತೊನ್ನು ಬಂದು ನಾಲ್ಕು ವರ್ಷವಾಯಿತು. ಬಂದದ್ದೇ ತಡ, ಊರಿಗೆ ಊರೇ ಪಂಡಿತರಾದರು. ಮೀನು ತಿಂದು ಹಾಲು ಕುಡಿದಿರಬೇಕು ಎಂದರು. ನಾಗಬನದ ಮರ ಕಡಿಸಿರಬೇಕು ಎಂದರು.

ಸಾಗರದ ಚರ್ಮದ ಡಾಕ್ಟರು ಮಾತ್ರ ನೆಟ್ಟಗೆ ಹೇಳಿದರು. ಮೈಯನ್ನು ಕಾಯಬೇಕಾದ ಜೀವಕೋಶಗಳೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲುತ್ತವಂತೆ. ಮುಟ್ಟಿದರೆ ಅಂಟುವುದಿಲ್ಲ. ವಂಶವಾಹಿಗಳ ಪಾಲೂ ಇದೆ, ಆದರೆ ಮನೆಯವರಿಗೆಲ್ಲ ಬಂದೇ ಬರುತ್ತದೆ ಅಂತಿಲ್ಲ. ನಾನು ಪೆದ್ದಿ, ಅದನ್ನೆಲ್ಲ ತಮ್ಮನ ಹೆಂಡತಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳ ಕಿವಿಗೆ ಹೊಕ್ಕಿದ್ದು ವಂಶ ಎಂಬುದೊಂದೇ.

ಈ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ನಾನು ಎತ್ತಿ ಆಡಿಸಿದ ಹುಡುಗಿ. ಮದುವೆಗೆ ವಾರವಿರುವಾಗ ಹೊಸ ಕುಂಚ ಕಟ್ಟಿಕೊಂಡು ಆನಂದಪುರದ ಹತ್ತಿರದ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಆಗಲೇ ಹಸೆಯ ಫ್ಲೆಕ್ಸ್ ಅಂಟಿಸಿದ್ದರು!

"ಬೇಜಾರ್ ಮಾಡ್ಕಬೇಡಿ ಅಕ್ಕಾ. ಗಂಡಿನ್ ಕಡೆಯೋರು ನಿಮ್ ಕೈ ನೋಡಿದ್ರೆ ವಂಶದಾಗೇ ಐತೆ ಅಂತಾರೆ" ಎಂದಳು ತಮ್ಮನ ಹೆಂಡತಿ.

"ಹಂಗಾರೆ ನಾನು ಮದ್ವೆಗೂ ಬರಬಾರ್ದಾ?"

"ಬನ್ನಿ. ಕೈ ಮಾತ್ರ ಸೆರಗಿನೊಳಗೆ ಇಟ್ಕಳಿ."

ಮೈಯೆಲ್ಲ ಉರಿದುಹೋಯಿತು. ನಾಗದೋಷ ಎಂದವರು ಒಂದು ಪೂಜೆ ಮಾಡಿಸು ಎಂದು ಹೇಳಿ ಸುಮ್ಮನಾಗಿದ್ದರು. ಇವಳು ಡಾಕ್ಟರ ಮಾತನ್ನೇ ಹಿಡಿದು ನನ್ನನ್ನು ಗೋಡೆಯಿಂದ ದೂರ ನಿಲ್ಲಿಸಿದಳು. ಆ ಫ್ಲೆಕ್ಸ್ ಹರಿದು ಅವಳ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಹುಡುಗಿಯ ಮುಖ ನೋಡಿ ತಡೆದುಕೊಂಡೆ.

ಮದುವೆಯ ಬೆಳಿಗ್ಗೆ ಆ ಹುಡುಗಿ ಹಟ ಹಿಡಿದು, ಕೋಣೆಯ ಬಾಗಿಲು ಹಾಕಿಸಿ ನನ್ನ ಹತ್ತಿರವೇ ಜಡೆ ಹಾಕಿಸಿಕೊಂಡಳು. ಕೂದಲು ಎತ್ತಿದರೆ ಕಿವಿಯ ಹಿಂದೆ ಹುಣಸೆಬೀಜದಷ್ಟಗಲ ಬಿಳಿ.

"ಅಮ್ಮಂಗೆ ಗೊತ್ತಾ?" ಎಂದೆ.

"ಗೊತ್ತು. ಯಾರಿಗೂ ಹೇಳ್ಬೇಡ ಅಂದಾಳೆ." ಅವಳು ಕಿವಿಯ ಹಿಂದೆ ಬೆರಳಿಟ್ಟು ಮುಟ್ಟಿಕೊಂಡಳು. "ಅತ್ತೇ, ಕಾಣ್ತದಾ?"

ನನ್ನನ್ನು ಮುಚ್ಚಿಟ್ಟದ್ದು ಇದಕ್ಕೆ! ಕಾಣಲಿ ಬಿಡು, ನೀನೇನು ತಪ್ಪು ಮಾಡಿದ್ದೀಯ ಎನ್ನಬೇಕಿತ್ತು. ನಾಲ್ಕು ವರ್ಷದಿಂದ ಊರಿಗೆಲ್ಲ ಗಂಟಲು ಹರಿದುಕೊಂಡು ಹೇಳಿದ್ದು ಅದನ್ನೇ. ಆಗ ಮಾತ್ರ ಬಾಯಿಗೆ ಬರಲಿಲ್ಲ. ಮಲ್ಲಿಗೆ ದಂಡೆಯನ್ನು ಕೆಳಗೆಳೆದು ಕಿವಿ ಮುಚ್ಚುವಂತೆ ಪಿನ್ನು ಹಾಕಿದೆ.

"ಕಾಣಲ್ಲ ಮಗಾ" ಎಂದೆ.