ರೇಷ್ಮೆಹುಳು ಜ್ವರಕ್ಕೆ ಕೂತಾಗ ಸಭೆ

ಕೋಲಾರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ನಾನು ಮುಳಬಾಗಿಲಿನ ಒಂದು ಸ್ವಯಂಸೇವಾ ಸಂಸ್ಥೆಗೆ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಯೂರೋಪಿನ ಒಂದು ದೇಶದವರು ಕಳಿಸುತ್ತಿದ್ದ ನೆರವಿನಿಂದ ಅದು ನಡೆಯುತ್ತಿತ್ತು. ಹಳ್ಳಿಗಳಿಗೆ ಹೋಗಿ ಹೆಂಗಸರ ಸಂಘ ಕಟ್ಟುವುದು ನನ್ನ ಕೆಲಸ. ಫಾರಿನ್ ದುಡ್ಡಿನ ನೌಕರಿ ಎಂದ ಕೂಡಲೇ ಅಮ್ಮನಿಗೆ ಎರಡು ಭಯ ಹುಟ್ಟಿತು. ಮಗಳು ಕಂಡಕಂಡವರ ಮನೆಯಲ್ಲಿ ಉಂಡು ಜಾತಿ ಕೆಡುತ್ತಾಳೆ, ಬಿಸಿಲಲ್ಲಿ ಅಲೆದು ಕಪ್ಪಾಗುತ್ತಾಳೆ. ಎರಡೂ ಆದವು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ.

ನನ್ನ ಪಾಲಿಗೆ ಬಂದ ಊರುಗಳಲ್ಲಿ ಆವನಿ ಕಡೆಯ ಒಂದು ಹಳ್ಳಿಯಿತ್ತು. ಊರೊಳಗೆ ರಾಗಿ, ಹಿಪ್ಪುನೇರಳೆ ಬೆಳೆಯುವ ಒಕ್ಕಲುಮನೆಗಳು. ಊರಾಚೆ ಕಾಲೋನಿ. ಅಲ್ಲಿಯವರ ಮನೆಮಾತು ತೆಲುಗು, ಕೆಲಸ ಊರವರ ತೋಟದಲ್ಲಿ ಸೊಪ್ಪು ಕೊಯ್ಯುವುದು, ಬಂಡೆ ಒಡೆಯುವುದು. ಎರಡೂ ಕಡೆಯ ಹೆಂಗಸರು ಒಂದೇ ಸಂಘದಲ್ಲಿರಬೇಕು ಎಂಬುದು ನಮ್ಮ ಸಂಸ್ಥೆಯ ನಿಯಮ. ನಿಯಮ ಹೇಳುವುದು ಸುಲಭ. ಮೊದಲ ತಿಂಗಳುಗಳಲ್ಲಿ ಸಭೆ ಕರೆದರೆ ಊರವರು ಬಂದಾಗ ಕಾಲೋನಿಯವರು ತೋಟದಲ್ಲಿರುತ್ತಿದ್ದರು, ಕಾಲೋನಿಯವರು ಬಂದಾಗ ಊರವರು ಹುಳುವಿಗೆ ಸೊಪ್ಪು ಹಾಕುತ್ತಿದ್ದರು.

ದಾರಿ ತೋರಿಸಿದ್ದು ಸಂಘದ ಅಧ್ಯಕ್ಷೆ. ಐವತ್ತರ ಆಸುಪಾಸಿನ ದಪ್ಪನೆಯ ಹೆಂಗಸು, ಊರಿಗೆಲ್ಲ ದೊಡ್ಡಮ್ಮ.

"ಹುಳ ಜ್ವರಕ್ಕೆ ಕೂತಾಗ ಬಾರಮ್ಮ," ಅಂದರು. "ಆಗ ಅವು ಸೊಪ್ಪು ಮುಟ್ಟಲ್ಲ. ನಮಗೂ ಬಿಡುವು, ಕೊಯ್ಯೋರಿಗೂ ಬಿಡುವು."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂದಿನಿಂದ ಹುಳುವಿಗೆ ಜ್ವರ ಬಂದರೆ ನಮಗೆ ಸಭೆ. ನಿಮ್ಮ ಸಭೆಗೊಂದು ಗೊತ್ತಾದ ತಾರೀಖು ಬೇಡವೇ ಎಂದು ಆಫೀಸಿನಲ್ಲಿ ಕೇಳಿದರೆ, "ಹುಳ ಹೇಳಬೇಕು ಸಾರ್" ಎನ್ನುತ್ತಿದ್ದೆ.

ಸಭೆ ದೊಡ್ಡಮ್ಮನ ಹುಳುಮನೆಯ ಜಗಲಿಯ ಮೇಲೆ. ಊರ ಹೆಂಗಸರು ಜಗಲಿಯ ಮೇಲೆ, ಕಾಲೋನಿಯವರು ಕೆಳಗೆ ಮೆಟ್ಟಿಲ ಹತ್ತಿರ. ಯಾರೂ ಹೇಳಿ ಕೂರಿಸಿದ್ದಲ್ಲ, ಹಾಗೆ ಕೂತಿದ್ದರು. ನಾನು ಮೆಟ್ಟಿಲಿನ ಮೇಲೆಯೇ ಕೂರುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನಗಿರಲಿಲ್ಲ. ಕಾಲೋನಿಯ ಹೆಂಗಸರಲ್ಲಿ ಒಬ್ಬಳಿಗೆ ಮಾತ್ರ ಕನ್ನಡ ಸಲೀಸು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಅವಳನ್ನು ಅಕ್ಕ ಅನ್ನುತ್ತಿದ್ದೆ. ನಾನು ಹೇಳಿದ್ದನ್ನು ಅವಳು ತನ್ನವರಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ನನ್ನ ಒಂದು ಮಾತು ಅವಳ ಬಾಯಲ್ಲಿ ಹತ್ತು ಮಾತಾಗಿ, ಕೊನೆಗೆ ಎಲ್ಲರೂ ನನ್ನ ಕಡೆ ನೋಡಿ ನಗುವುದೂ ಇತ್ತು. ಏನು ಹೇಳಿದೆ ಎಂದು ಕೇಳಿದರೆ, "ನೀವು ಹೇಳಿದ್ದೇ ಕಣಮ್ಮ, ಒಸಿ ಉಪ್ಪು ಹಾಕಿದೆ" ಅನ್ನುತ್ತಿದ್ದಳು.

ಹೀಗಿರುವಾಗ ನೆರವು ಕೊಡುವ ದೇಶದಿಂದ ಒಬ್ಬ ಹೆಂಗಸು ಸಂಘ ನೋಡಲು ಬಂದಳು. ನೀಳವಾದ ಮೈ, ಬಿಸಿಲಿಗೆ ಕೆಂಪೇರಿದ ಮುಖ, ಕಾಟನ್ ಸೀರೆ. ಸೀರೆ ಉಡಿಸಿದ್ದು ನಾನೇ. ಜೀಪಿನಿಂದ ಇಳಿದು ಅವಳು ಕೈಮುಗಿದಾಗ ಎಲ್ಲರಿಗೂ ಸಂತೋಷವಾಯಿತು. ದೊಡ್ಡಮ್ಮ ಹಾರ ಹಾಕಲು ಹತ್ತಿರ ಹೋದವರು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಿವಿಯಲ್ಲಿ ಹೇಳಿದರು.

"ಈಯಮ್ಮ ಸೆಂಟು ಹಾಕ್ಕೊಂಡವ್ರೆ ಕಣೇ. ಹುಳದ ಮನೆ ಹತ್ರ ಬೇಡ, ವಾಸನೆಗೆ ಹುಳ ಸತ್ತು ಬೆಳೆ ಹೊರಟೋಗುತ್ತೆ."

ಅಷ್ಟು ದೂರದಿಂದ ಬಂದ ಅತಿಥಿಗೆ ಇದನ್ನು ಹೇಗೆ ಹೇಳುವುದು? ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವಳು ನಕ್ಕು, ಹುಳುಗಳ ಕ್ಷಮೆ ಕೇಳಿದೆ ಎಂದು ತಿಳಿಸು ಅಂದಳು. ದೊಡ್ಡಮ್ಮ ಗಂಭೀರವಾಗಿ ಹುಳುಗಳ ಪರವಾಗಿ ಕ್ಷಮಿಸಿದರು.

ಎಲ್ಲರೂ ಎದ್ದು ಶಾಲೆಯ ಮುಂದಿನ ಹುಣಸೆಮರದ ಕೆಳಗೆ ಹೋದೆವು. ಅಲ್ಲಿ ಜಗಲಿ ಇಲ್ಲ, ಮೆಟ್ಟಿಲಿಲ್ಲ, ಬರೀ ನೆಲ. ನೆರಳೂ ಒಂದಿಷ್ಟೇ. ಬಿಸಿಲು ತಪ್ಪಿಸಿಕೊಳ್ಳಲು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಾಗ, ಅಕ್ಕನ ಒಂದು ಪಕ್ಕ ಪರದೇಶದವಳು, ಇನ್ನೊಂದು ಪಕ್ಕ ದೊಡ್ಡಮ್ಮ. ದೊಡ್ಡಮ್ಮ ಒಮ್ಮೆ ಸೆರಗು ಸರಿಮಾಡಿಕೊಂಡರು. ಆಮೇಲೆ ಎಲೆಅಡಿಕೆ ಚೀಲ ಬಿಚ್ಚಿ ಅಕ್ಕನ ಕಡೆಗೂ ಹಿಡಿದರು.

ಊರಿನ ತೀರ್ಮಾನಗಳನ್ನು ಯಾರು ಮಾಡುತ್ತಾರೆ ಎಂದು ಅತಿಥಿ ಕೇಳಿದಳು.

"ಗಂಡಸರು ಕಟ್ಟೆ ಮೇಲೆ ಕೂತು ಮಾಡ್ತಾರೆ," ಅಂದರು ದೊಡ್ಡಮ್ಮ. "ಮನೆಗೆ ಬಂದ್ಮೇಲೆ ನಾವು ಬದಲಾಯಿಸ್ತೀವಿ."

"ನಮ್ಮ ಕಾಲೋನಿದು ಯಾರೂ ಮಾಡಲ್ಲ," ಅಂದಳು ಅಕ್ಕ. "ಅದಕ್ಕೇ ನಮಗಿನ್ನೂ ನೀರಿಲ್ಲ." ಹಾಗೆಂದವಳು ಅತಿಥಿಯ ಕಡೆ ತಿರುಗಿ ಕೇಳಿದಳು: "ನಿಮ್ಮೂರ ಪಂಚಾಯ್ತೀಲಿ ನೀವು ಇದೀರಾ?"

ಅತಿಥಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಊರಿನ ಸಭೆಯಲ್ಲಿ ಹೆಂಗಸು ಎಂದರೆ ಒಬ್ಬಳೇ, ಇವಳು ಎಂದೂ ಚುನಾವಣೆಗೆ ನಿಂತವಳಲ್ಲ.

"ಯಾಕೆ ನಿಂತಿಲ್ಲ?"

"ಯಾರೂ ನಿಲ್ಲು ಅನ್ನಲಿಲ್ಲವಂತೆ," ಎಂದು ನಾನು ಕನ್ನಡಕ್ಕೆ ತಿರುಗಿಸಿದೆ. ಅಕ್ಕ ತೆಲುಗಿಗೆ ತಿರುಗಿಸಿದಳು. ಈ ಸಲ ಉಪ್ಪು ಹಾಕಲಿಲ್ಲ. ಹೆಂಗಸರೆಲ್ಲ "ಅಯ್ಯೋ ಪಾಪಮು" ಎಂದು ಅವಳ ಮೇಲೆ ನಿಜವಾದ ಮರುಕ ತೋರಿಸಿದರು. ಒಬ್ಬಳಂತೂ ಅವಳ ಬೆನ್ನು ಸವರಿದಳು.

ಅತಿಥಿ ಹೋದಮೇಲೂ ಸಭೆ ಹುಣಸೆಮರದ ಕೆಳಗೇ ಉಳಿಯಿತು. ಯಾಕೆ ಎಂದು ಕೇಳಿದವರಿಗೆ ದೊಡ್ಡಮ್ಮ, "ಹುಳಕ್ಕೆ ಗಲಾಟೆ ಆಗಲ್ಲ" ಅನ್ನುತ್ತಿದ್ದರು.

ಕೆಲವು ವರ್ಷಗಳಲ್ಲಿ ಮಂಡಲ ಪಂಚಾಯ್ತಿ ಬಂತು. ಹೆಂಗಸರಿಗೆಂದು ಸ್ಥಾನಗಳನ್ನು ಮೀಸಲಿಟ್ಟರು. ದೊಡ್ಡಮ್ಮನ ಮನೆಯವರು ತಮ್ಮ ಸಂಬಂಧದ ಒಬ್ಬ ಸೊಸೆಯನ್ನು ನಿಲ್ಲಿಸಬೇಕೆಂದಿದ್ದರು. ಆ ಹುಡುಗಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಹುಣಸೆಮರದ ಕೆಳಗೆ ದೊಡ್ಡಮ್ಮ ಅಕ್ಕನನ್ನು ಕೇಳಿದರು.

"ನೀನು ನಿಂತ್ಕೊಂತೀಯೇನೇ?"

"ನಾನಾ? ನಿಮ್ಮ ಮನೇಲಿ ಒಪ್ತಾರಾ ದೊಡ್ಡಮ್ಮ?"

"ಆ ಫಾರಿನ್ನೋಳ್ಗೆ ನಿಲ್ಲು ಅನ್ನೋರೇ ಇರ್ಲಿಲ್ಲ. ನಿಂಗೆ ನಾನು ಅಂತಾ ಇದೀನಿ. ಮನೇದು ನಂಗೆ ಬಿಡು."

ಮನೆಯಲ್ಲಿ ಏನು ನಡೆಯಿತೋ ತಿಳಿಯದು. ವಾರವೆಲ್ಲ ಅವರ ಯಜಮಾನರು ಯಾರೊಡನೆಯೂ ಮಾತಾಡದೆ ತಿರುಗಿದರು. ದೊಡ್ಡಮ್ಮ ಮಾತ್ರ ಬಿಸಿಲಲ್ಲಿ ಸೆರಗು ಹೊದ್ದು ಮನೆಮನೆಗೆ ನಡೆದರು. ಸಂಸ್ಥೆಯವರು ಚುನಾವಣೆಯಲ್ಲಿ ಕೈಹಾಕಬಾರದು ಎಂದು ನನಗೆ ಆಜ್ಞೆಯಾಗಿತ್ತು, ಹಾಗಾಗಿ ದೂರದಿಂದ ನೋಡುವುದಷ್ಟೇ ನನ್ನ ಪಾಲು. ಅಕ್ಕ ಗೆದ್ದಳೆಂಬ ಸುದ್ದಿ ನನಗೆ ಸಿಕ್ಕಿದ್ದು ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ. ಆ ಊರಿನ ಬಸ್ಸಿನಿಂದ ಇಳಿದ ಹೆಂಗಸರೆಲ್ಲ ನನ್ನನ್ನು ಹಿಡಿದು ಕುಲುಕಿದರು.

ಪಂಚಾಯ್ತಿಯ ಮೊದಲ ಸಭೆಗೆ ಗೆದ್ದ ಹೆಂಗಸರಿಗಿಂತ ಅವರ ಗಂಡಂದಿರೇ ಹೆಚ್ಚಾಗಿ ಬಂದಿದ್ದರು. ಮಂಡಲದ ಮುಖ್ಯಸ್ಥರಾದ ಪ್ರಧಾನರು ಅಕ್ಕನನ್ನು ನೋಡಿ, "ನೀನ್ಯಾಕಮ್ಮ ಕೂಲಿ ಬಿಟ್ಟು ಬರ್ತೀಯ? ಗಂಡನ್ನ ಕಳಿಸು, ಸಾಕು" ಅಂದರಂತೆ.

"ಅವನಿಗೆ ಯಾರು ಸ್ವಾಮಿ ಓಟು ಹಾಕಿದ್ದು?" ಅಂದಳಂತೆ ಅಕ್ಕ. "ನಾನೂ ಹಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ, "ನಿಜ ಸ್ವಾಮಿ, ನಂಗೆ ಬಂಡೆ ಕೆಲಸ ಐತೆ" ಎಂದು ಹೊರಟೇಹೋದನಂತೆ. ಇದನ್ನು ಅಕ್ಕ ಮರದ ಕೆಳಗೆ ಅಭಿನಯಿಸಿ ತೋರಿಸಿದಾಗ ದೊಡ್ಡಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಕ್ಕ ಕೇಳಿದ್ದು ಒಂದೇ, ಕಾಲೋನಿಗೆ ಬೋರು. ಪ್ರಧಾನರು ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ ಎಂದು ತಳ್ಳುತ್ತಾ ಹೋದರು. ನನಗೆ ತಾಳ್ಮೆ ತಪ್ಪಿತು. ನಮ್ಮ ಸಂಸ್ಥೆಯ ನೆರವಿನಿಂದಲೇ ಬೋರು ಕೊರೆಸಿಕೊಡುತ್ತೇವೆ, ಆಫೀಸಿನಲ್ಲಿ ಒಪ್ಪಿದ್ದಾರೆ ಎಂದು ಓಡಿಹೋಗಿ ಹೇಳಿದೆ. ಅಕ್ಕ ಬಿಂದಿಗೆ ಕೆಳಗಿಟ್ಟು, ತಲೆಯ ಮೇಲಿನ ಸಿಂಬಿ ಬಿಚ್ಚಿ ಕೊಡವಿದಳು.

"ಬೇಡಮ್ಮ. ನೀವು ಹಾಕಿಕೊಟ್ರೆ ಅದು ನೀವು ಕೊಟ್ಟ ನೀರು. ಕೆಟ್ರೆ ನಿಮ್ಮನ್ನೇ ಹುಡುಕಬೇಕು. ಪಂಚಾಯ್ತಿ ಹಾಕಿದ್ರೆ ನಾವೂ ಈ ಊರೋರು ಅಂದಂಗಾಗುತ್ತೆ."

"ಇನ್ನೂ ಎಷ್ಟು ದಿನ ಹೊರ್ತೀಯಕ್ಕ?"

"ಇಷ್ಟು ದಿನ ಹೊತ್ತಿಲ್ವಾ?"

ನನಗೆ ಮೊದಲು ಬೇಸರವೇ ಆಯಿತು. ಬಸ್ಸಿನಲ್ಲಿ ಕೂತು ಯೋಚಿಸಿದಂತೆ ಬೇಸರ ಕರಗಿತು. ಮುಂದಿನ ಪಂಚಾಯ್ತಿ ಸಭೆಯ ದಿನ ಹುಳುವಿಗೆ ಜ್ವರವೂ ಇತ್ತು. ಸಂಘದ ಹೆಂಗಸರೆಲ್ಲ, ಊರವರೂ ಕಾಲೋನಿಯವರೂ, ಮಂಡಲದ ಆಫೀಸಿಗೆ ನಡೆದುಹೋಗಿ ಹೊರಗಿನ ವರಾಂಡದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರು. ಕೂಗಲಿಲ್ಲ, ಬೈಯಲಿಲ್ಲ. ಪ್ರಧಾನರು ಕಿಟಕಿಯಿಂದ ಇಣುಕಿ, ಏನಾಗಬೇಕು ಎಂದು ಕೇಳಿದರು.

"ಏನಿಲ್ಲಪ್ಪ," ಅಂದರು ದೊಡ್ಡಮ್ಮ. "ನಮ್ಮ ಮೆಂಬರು ಒಳಗವ್ಳೆ. ಬಂದ್ಮೇಲೆ ಕರ್ಕೊಂಡ್ ಹೋಗ್ತೀವಿ."

ಅಂದೇ ಬೋರಿಗೆ ಒಪ್ಪಿಗೆಯಾಯಿತು.

ಕೊರೆಯುವ ಲಾರಿ ಬಂದ ದಿನ ನಾನೂ ಇದ್ದೆ. ಮಧ್ಯಾಹ್ನದವರೆಗೆ ಬರೀ ಬೂದಿಯಂಥ ಧೂಳು. ಎಲ್ಲರ ಮುಖವೂ ಬೆಳ್ಳಗಾಗಿ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕೆಸರು ಚಿಮ್ಮಿತು, ಆಮೇಲೆ ನೀರು. ಕೆಲವು ದಿನಗಳ ನಂತರ ಕೈಪಂಪು ಕೂರಿಸಿ ಪ್ರಧಾನರು ತೆಂಗಿನಕಾಯಿ ಒಡೆದು ಒಂದು ಭಾಷಣವನ್ನೂ ಮಾಡಿದರು. ಬೋರು ಹಾಕಿಸಬೇಕೆಂಬುದು ಅವರ ಬಹುಕಾಲದ ಕನಸಾಗಿತ್ತಂತೆ. ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಭಾಷಣ ಮುಗಿದು ಗಂಡಸರು ಚದುರಿದ ಮೇಲೆ ದೊಡ್ಡಮ್ಮ ಪಂಪಿನ ಹತ್ತಿರ ಬಂದರು. ಅಷ್ಟು ವರ್ಷ ಆ ಊರಿನಲ್ಲಿ ಬಾಳಿದರೂ ಕಾಲೋನಿಯೊಳಗೆ ಅವರು ಕಾಲಿಟ್ಟಿದ್ದು ಓಟು ಕೇಳಲು ಬಂದಾಗ ಮಾತ್ರ. ಆಗಲೂ ಯಾರ ಮನೆಯಲ್ಲೂ ನೀರು ಮುಟ್ಟಿರಲಿಲ್ಲ.

"ಒತ್ತೇ," ಅಂದರು ಅಕ್ಕನಿಗೆ.

ಅಕ್ಕ ಹಿಡಿ ಒತ್ತಿದಳು. ದೊಡ್ಡಮ್ಮ ಬಗ್ಗಿ, ಬೊಗಸೆಯೊಡ್ಡಿ, ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಹೊಟ್ಟೆ ತುಂಬ ಕುಡಿದರು. ಬಾಯಿ ಒರೆಸಿಕೊಂಡು, "ಒಸಿ ಸಪ್ಪೆ ಐತೆ, ಬೇಳೆ ಚೆನ್ನಾಗಿ ಬೇಯುತ್ತೆ" ಅಂದರು.