ಅತ್ತೆಯ ಕರುಳು ಎಚ್ಚರಗೊಂಡ ದಿನ

ನವಲಿಯ ನಮ್ಮ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಾಡುವವರಿರಲಿಲ್ಲ. ಗದ್ದೆಗೆ ಯಾವತ್ತು ನೀರು ಬಿಡಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲ ಅವರು ಹೇಳಿದಂತೆಯೇ. ನಾನು ಸೊಸೆಯಾಗಿ ಬಂದು ಆರು ವರ್ಷವಾಗಿದ್ದರೂ ಅವರೆದುರು ಕೂತು ಮಾತಾಡಿದವಳಲ್ಲ. ಕನಕಗಿರಿಯ ಹೈಸ್ಕೂಲಿನಲ್ಲಿ ದಿನವಿಡೀ ವಿಜ್ಞಾನ ಪಾಠ ಹೇಳುತ್ತಿದ್ದವಳು, ಮನೆಗೆ ಬಂದರೆ ನಿಂತೇ ಎರಡು ಮಾತಿನಲ್ಲಿ ಉತ್ತರ ಕೊಡುತ್ತಿದ್ದೆ.

ಆ ವರ್ಷ ಭತ್ತದ ನಾಟಿ ಮುಗಿದ ವಾರ ಅತ್ತೆಗೆ ಹೊಟ್ಟೆನೋವು ಬಂತು. ಎರಡು ದಿನ ಅಜವಾನದ ನೀರು ಕುಡಿದು ಸುಮ್ಮನಿದ್ದರು. ಮೂರನೆಯ ದಿನ ಗಂಗಾವತಿಯ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಹೊಟ್ಟೆ ಕೊಯ್ದು, ಒಳಗೆಲ್ಲ ತೊಳೆದು ಹೊಲಿದರು. ಹೊಲಮನೆ ನೋಡಿಕೊಳ್ಳಲು ನನ್ನ ಗಂಡ ಊರಿಗೆ ಮರಳಿದರು. ನಾನು ರಜೆ ಹಾಕಿ ಅತ್ತೆಯ ಬಳಿ ಉಳಿದೆ.

"ಗಾಳಿ ಹೋತೇನಮ್ಮಾ?"

ಡಾಕ್ಟರು ಬಂದಾಗಲೆಲ್ಲ ಅದೊಂದೇ ಪ್ರಶ್ನೆ. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿ "ಇಲ್ರಿ" ಎನ್ನುತ್ತಿದ್ದರು. ಗಾಳಿ ಹೋಗುವ ತನಕ ಒಂದು ಗುಟುಕು ನೀರೂ ಇಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ ನಾನು ಅವರ ತುಟಿ ಒರೆಸುತ್ತಿದ್ದೆ.

ಆಪರೇಷನ್ ಆದ ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ನೋಡ್ರಿ ಟೀಚರ್, ಇಷ್ಟೊತ್ತಿಗೆ ಕರುಳು ಕೆಲಸ ಸುರು ಮಾಡಬೇಕಾಗಿತ್ತು. ಮಧ್ಯಾಹ್ನತನಾ ಕಾಯ್ತೀನಿ. ಇಲ್ಲಂದ್ರ ಮೂಗಿನಾಗ ನಳಿಗಿ ಹಾಕಿ ಎಕ್ಸ್‌ರೇ ತಗಸೋಣು. ಒಳಗ ಎಲ್ಲ್ಯರ ತೊಡಕಾಗಿದ್ರ ಮತ್ತ ಹೊಟ್ಟಿ ತೆರೀಬೇಕಾಗತೈತಿ."

ನನ್ನ ಕೈಗಳು ತಣ್ಣಗಾದವು. ಎದೆ ಹೊಡೆದುಕೊಳ್ಳತೊಡಗಿತು, ಬಾಯಿ ಒಣಗಿತು. ಸ್ವಾಯತ್ತ ನರವ್ಯೂಹ ಎಂಬ ಪಾಠವನ್ನು ಎಷ್ಟು ಸಲ ಮಾಡಿರಲಿಲ್ಲ ನಾನು! ಹೆದರಿಕೆಯಾದಾಗ ಒಂದು ಬಗೆಯ ನರಗಳು ಎದೆಬಡಿತ ಏರಿಸಿ, ಜೊಲ್ಲನ್ನೂ ಕರುಳಿನ ಚಲನೆಯನ್ನೂ ತಡೆಯುತ್ತವೆ. ಸಮಾಧಾನವಾದಾಗ ಇನ್ನೊಂದು ಬಗೆಯವು ಎದೆಯನ್ನು ತಣಿಸಿ ಕರುಳನ್ನು ಮತ್ತೆ ನಡೆಸುತ್ತವೆ. ಬೋರ್ಡಿನ ಮೇಲೆ ಇದನ್ನು ಬರೆದು, ಪರೀಕ್ಷೆಗೆ ಬರುತ್ತದೆ ಎಂದು ಹೇಳಿ ಮುಗಿಸುತ್ತಿದ್ದೆ. ನನ್ನ ಮೈಯೊಳಗೇ ಅದು ನಡೆಯುವುದನ್ನು ಅಂದೇ ಕಂಡದ್ದು.

ಒಳಗೆ ಹೋಗಿ, ಏನು ಧೈರ್ಯ ಬಂತೋ, ಅತ್ತೆಯ ಮಂಚದ ಮೇಲೆಯೇ ಕೂತೆ.

"ಅತ್ತೀ, ಒಂದ್ ಮಾತ್ ಹೇಳ್ಲೇನ್ರಿ?"

"ಏನವಾ?"

"ಎದಿ ಬಡಿಯೋದು, ಅನ್ನ ಅರಗೋದು, ಇವೆಲ್ಲಾ ನಮ್ಮ ಮಾತು ಕೇಳಂಗಿಲ್ರಿ. ಅದಕ್ಕ ಬ್ಯಾರೆನ ನರ ಅದಾವ. ನಾವು ಮಲಗಿದ್ರೂ ತಮ್ಮ ಪಾಡಿಗೆ ತಾವು ಕೆಲಸ ಮಾಡ್ತಾವ. ಹೊಟ್ಟಿ ಕೊಯ್ದು ಕೈ ಹಾಕಿದ್ರ ಕರುಳು ಅಂಜಿ ಗಪ್ ಕುಂದರತೈತಿ. ಗಾಳಿ ಹೋದ್ರನ ಅದು ಎದ್ದೈತಿ ಅಂತ ಡಾಕ್ಟರಿಗೆ ಗೊತ್ತಾಗೂದು. ಎದಿ ಬಡೀತು ಅಂತ ಯಾರರ ನಾಚ್ಕೋತಾರೇನ್ರಿ?"

ಅತ್ತೆ ಗೋಡೆಯ ಕಡೆಯಿಂದ ನನ್ನತ್ತ ಮುಖ ತಿರುಗಿಸಿದರು.

"ನನ್ನ ಮಾತೂ ಕೇಳಂಗಿಲ್ಲೇನದು?"

"ನಿಮ್ಮದೂ ಕೇಳಂಗಿಲ್ರಿ."

"ಹಂಗಾರ… ಒಮ್ಮಿ ಹೋದ್ರ ಸಾಕೇನು?"

"ಸಾಕ್ರಿ. ಯಾಕ್ರಿ ಅತ್ತಿ?"

"ನಿನ್ನಿ ಸಂಜಿಮುಂದ ಬೀಗರು ಕುಂತಾಗನ ಹೋತವಾ. ಕೆಮ್ಮಿ ಮುಚ್ಚಿದೆ. ಇವತ್ತು ಮುಂಜಾನಿನೂ ಹೋತು. ಆ ಡಾಕ್ಟರ್ ಗಂಡಸು, ಅವನ ಮುಂದ ಹೆಂಗ ಹೇಳ್ಲಿ?"

ನನ್ನ ನಾದಿನಿಯ ಅತ್ತೆ ಮಾವ ಹಿಂದಿನ ದಿನ ಕುಷ್ಟಗಿಯಿಂದ ನೋಡಲು ಬಂದಿದ್ದರು. ಆಗ ಅತ್ತೆ ಕೆಮ್ಮಿದ್ದು ನಿಜ. ನೆಗಡಿಯಾಯಿತೇನೋ ಎಂದು ನಾನೇ ಹೊದಿಕೆ ಏರಿಸಿದ್ದೆ. ಅದನ್ನು ಹೇಳಿದಾಗ ಅತ್ತೆಗೆ ನಗು ಬಂತು. ಹೊಲಿಗೆ ಹಿಡಿದುಕೊಂಡು "ನಗಸಬ್ಯಾಡವಾ, ಹರೀತೈತಿ" ಎನ್ನುತ್ತಲೇ ನಕ್ಕರು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ನಗುವೂ ನಿಲ್ಲುತ್ತಿರಲಿಲ್ಲ.

ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬಂದು ಅತ್ತೆಯ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ಅದನ್ನು ನನ್ನ ಕಿವಿಗೂ ಕೊಟ್ಟರು. ಗುಳು ಗುಳು, ಒಂದಷ್ಟು ಮೌನ, ಮತ್ತೆ ಗುಳು ಗುಳು.

"ಎರಡು ಚಮಚ ನೀರು ಕೊಡ್ರಿ" ಎಂದರು.

ಅತ್ತೆ ಆ ನೀರನ್ನು ಬಾಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ ನಿಧಾನಕ್ಕೆ ನುಂಗಿದರು. ಆಮೇಲೆ ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದರು.

ಅವರ ಬೆರಳು ಬಿಡಿಸಿಕೊಂಡು, ಗಂಡನಿಗೆ ತಿಳಿಸಲು ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಹಿಂದೆ ನಾಲ್ಕೈದು ಜನ ಕಾದು ನಿಂತಿದ್ದರು. ಲೈನು ಸರಿಯಿಲ್ಲದೆ ಆ ಕಡೆಯಿಂದ ಗಂಡ ಮತ್ತೆ ಮತ್ತೆ "ಏನ್ ಹೋತು?" ಎಂದೇ ಕೇಳಿದರು. ಕೊನೆಗೆ ನಾನು ಜೋರಾಗಿ ಹೇಳಿಬಿಟ್ಟೆ: "ಹೋತ್ರಿ, ಗಾಳಿ ಹೋತು! ನೀರೂ ಕುಡದ್ರು!"

ತಿರುಗಿ ನೋಡಿದರೆ, ಹಿಂದಿದ್ದ, ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ನನಗೆ ಕೈ ಮುಗಿದರು.

"ಛಲೋ ಆತ ನೋಡವಾ. ನಮ್ಮ ತಮ್ಮಗೂ ಇಲ್ಲೇ ಆಪರೇಷನ್ ಆಗೈತಿ, ಅವಂದೂ ಮುಂಜಾನಿ ಗಾಳಿ ಹೋತು. ಅದನ್ನ ಹೇಳಾಕ ನಾನೂ ಬಂದು ನಿಂತೀನಿ."